ರಿಲೀಸ್ ಆಯಿತು, ಸುದ್ದಿ ಮುಟ್ಟಲಿಲ್ಲ: ಬದಲಾವಣೆಯ ಮಾಹಿತಿ ಎಲ್ಲಿ ನಿಂತಿತೆಂದು ಹುಡುಕುವ ಕ್ರಮ

ಹೊಸ ಆವೃತ್ತಿ ಬಿಟ್ಟ ಎರಡು-ಮೂರು ದಿನಕ್ಕೆ ಒಂದೇ ಥರದ ದೂರುಗಳು ಸಾಲುಗಟ್ಟುತ್ತವೆ. ‘ನಿನ್ನೆವರೆಗೆ ಸರಿ ಇತ್ತು, ಇವತ್ತು ಓಡುತ್ತಿಲ್ಲ.’ ಕೋಡ್ ತೆರೆದು ನೋಡಿದರೆ ದೋಷ ಸಿಗುವುದಿಲ್ಲ. ಬದಲಾವಣೆಯನ್ನು ಬೇಕೆಂದೇ ಮಾಡಿದ್ದು, ಕಾರಣವೂ ಗಟ್ಟಿಯಾಗಿದೆ, ಚೇಂಜ್‌ಲಾಗ್‌ನಲ್ಲಿ, ಅಂದರೆ ಆವೃತ್ತಿವಾರು ಬದಲಾವಣೆಗಳ ಪಟ್ಟಿಯಲ್ಲಿ, ಒಂದು ಸಾಲು ಬರೆದೂ ಆಗಿದೆ. ಇಂಥ ಕಡೆ ಕೆಟ್ಟಿರುವುದು ಕೋಡ್ ಅಲ್ಲ, ಸುದ್ದಿಯ ಸಾಗಣೆ. ಅದನ್ನೂ ಬಗ್ ಹುಡುಕುವಷ್ಟೇ ಶಿಸ್ತಿನಿಂದ ಹುಡುಕಬೇಕು. ‘ಚೇಂಜ್‌ಲಾಗ್ ಓದಿ’ ಎಂದು ಬರೆದು ಇಶ್ಯೂ (ಯೋಜನೆಯ ಪುಟದಲ್ಲಿ ದಾಖಲಾದ ದೂರು) ಮುಚ್ಚಿದರೆ ದೋಷ ಹಾಗೇ ಉಳಿಯುತ್ತದೆ, ಮುಂದಿನ ರಿಲೀಸ್‌ನಲ್ಲಿ ಮತ್ತೆ ಎದುರಾಗುತ್ತದೆ.

ದಾವಣಗೆರೆ ಸೀಮೆಯವರಿಗೆ ಇಂಥ ದೋಷದ ಪರಿಚಯ ಚೆನ್ನಾಗಿಯೇ ಇದೆ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟ ದಿನವೇ ಕೊನೆ ಭಾಗದ ಗದ್ದೆ ನೆನೆಯಿತು ಎಂದು ಇಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಗೇಟ್ ಎತ್ತಿದ ಸುದ್ದಿ ಪೇಪರಿನಲ್ಲಿ ಬಂದಿರುತ್ತದೆ, ಕೊನೆಯ ತೂಬು ಮಾತ್ರ ಒಣಗಿರುತ್ತದೆ. ನಡುವೆ ಎಲ್ಲೋ ಹೂಳು ತುಂಬಿದೆ, ಎಲ್ಲೋ ಸೋರಿದೆ, ಎಲ್ಲೋ ಪಂಪ್ ಇಟ್ಟು ಎತ್ತಿದ್ದಾರೆ. ಅದು ಎಲ್ಲಿ ಎಂದು ತಿಳಿಯಬೇಕಾದವರು ಅಣೆಕಟ್ಟೆಯ ಮೇಲೆ ನಿಂತು ನೋಡುವುದಿಲ್ಲ. ಒಣಗಿದ ತೂಬಿನಿಂದ ಹಿಡಿದು ನಾಲೆಯ ಗುಂಟ ಮೇಲಕ್ಕೆ ನಡೆಯುತ್ತಾರೆ. ಈ ಕೈಪಿಡಿಯ ಕ್ರಮವೂ ಅದೇ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನುಡಿ ತಂತ್ರಾಂಶದ ಮಾದರಿಯ, ಅದರದೇ ಫಾಂಟ್ ಇದ್ದರಷ್ಟೇ ಓದಬರುವ ಹಳೆಯ ಆಸ್ಕಿ ಪಠ್ಯವನ್ನು ಯುನಿಕೋಡ್‌ಗೆ, ಯುನಿಕೋಡನ್ನು ಮರಳಿ ಆಸ್ಕಿಗೆ ತಿರುಗಿಸುವ ಒಂದು ಪೈಥಾನ್ ಲೈಬ್ರರಿ. ಮುಕ್ತ ಪರವಾನಗಿ, ನೋಡಿಕೊಳ್ಳುವವರು ದಾವಣಗೆರೆಯ ಮೂರು-ನಾಲ್ಕು ಮಂದಿ ಎಂದಿಟ್ಟುಕೊಳ್ಳಿ. ಅದನ್ನು ನೆಚ್ಚಿಕೊಂಡವರು ಎರಡು ಬಗೆ. ಕೆಲವರು ಡೆವಲಪರ್‌ಗಳು: ಚಿತ್ರದುರ್ಗದ ಒಂದು ಕಾಲೇಜು ಗ್ರಂಥಾಲಯದ ಹುಡುಕಾಟ ಪುಟ ಬರೆದವರ ಹಾಗೆ, ಲೈಬ್ರರಿಯನ್ನು ತಮ್ಮ ಕೋಡ್‌ನೊಳಗೆ ಕರೆಯುವವರು. ಉಳಿದವರು ಅಶೋಕ ರಸ್ತೆಯಲ್ಲೋ ಪಿ.ಜೆ. ಬಡಾವಣೆಯಲ್ಲೋ ಡಿಟಿಪಿ ಅಂಗಡಿ ನಡೆಸುವವರು. ವಾಟ್ಸ್ಆ್ಯಪ್‌ನಲ್ಲಿ ಬಂದ ಲಗ್ನಪತ್ರಿಕೆಯ ಒಕ್ಕಣೆಯನ್ನು ಆಸ್ಕಿಗೆ ತಿರುಗಿಸಿ ಪೇಜ್‌ಮೇಕರ್‌ಗೋ ಕೋರೆಲ್ ಡ್ರಾಗೋ ಅಂಟಿಸುತ್ತಾರೆ, ಹಳೆಯ ಕಡತಗಳನ್ನು ಯುನಿಕೋಡ್ ಮಾಡಿಕೊಡುತ್ತಾರೆ. ಇವರಿಗೆ ಒಳಗೊಂದು ಲೈಬ್ರರಿ ಇದೆಯೆಂದೇ ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು ಒಂದು ಕಿಟಕಿ, ಎರಡು ಬಟನ್. ಈ ಲೈಬ್ರರಿಯ 2.0 ಆವೃತ್ತಿಯಲ್ಲಿ ಎರಡು ಬದಲಾವಣೆ: ಒಂದು ಹಳೆಯ ಫಂಕ್ಷನ್ ತೆಗೆದಿದ್ದಾರೆ, ‘ರ’ಕಾರದ ಒತ್ತನ್ನು ಬರೆಯುವ ರೀತಿ ಬದಲಿಸಿದ್ದಾರೆ.

ದೂರುಗಳನ್ನು ಮೂರು ರಾಶಿ ಮಾಡಿ

ರಿಲೀಸ್ ಆದ ಮೇಲೆ ಬಂದ ಮೊದಲ 20 ದೂರುಗಳನ್ನು ತೆಗೆದುಕೊಳ್ಳಿ. ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಬಂದವೂ ಲೆಕ್ಕಕ್ಕೆ ಸೇರಬೇಕು, ಯಾಕೆಂದರೆ ಡಿಟಿಪಿಯವರು ಇಶ್ಯೂ ತೆರೆಯುವುದಿಲ್ಲ. ಒಂದೊಂದಕ್ಕೂ ಎರಡೇ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಬಿಡುಗಡೆ ಟಿಪ್ಪಣಿಯಲ್ಲಿ ಇದೆಯೇ? ಇದ್ದರೆ, ದೂರು ಕೊಟ್ಟವರು ಅದನ್ನು ನೋಡಿದ್ದರೇ?

ಉತ್ತರ ಇದೆ, ಅವರು ನೋಡಿಲ್ಲ ಎಂದಾದರೆ ಅದು ಸಾಗಣೆಯ ದೋಷ. ನೋಡಿದ್ದಾರೆ, ಆದರೂ ಸರಿಮಾಡಿಕೊಳ್ಳಲು ಆಗಿಲ್ಲ ಎಂದಾದರೆ ಬರವಣಿಗೆಯ ದೋಷ. ಟಿಪ್ಪಣಿಯಲ್ಲಿ ಉತ್ತರವೇ ಇಲ್ಲದಿದ್ದರೆ ನಮಗೇ ಗೊತ್ತಿಲ್ಲದೆ ಏನೋ ಬದಲಾಗಿದೆ. ಈ ಮೂರನೇ ರಾಶಿಯನ್ನು ಬೇರೆ ರೀತಿ ಎಂದು ಸಾಬೀತಾಗುವವರೆಗೆ ಬಗ್ ಎಂದೇ ಹಿಡಿಯಿರಿ.

ರಾಶಿಗಳನ್ನು ಬೆರೆಸಬೇಡಿ. ಮೊದಲನೆಯದು ದೊಡ್ಡದಿದ್ದಾಗ ಟಿಪ್ಪಣಿಯನ್ನು ಇನ್ನಷ್ಟು ಉದ್ದ ಮಾಡುವವರು ಬಹಳ. ನೋಡದೇ ಇದ್ದವರಿಗೆ ಉದ್ದದಿಂದ ಏನೂ ಆಗದು, ನೋಡುತ್ತಿದ್ದವರಿಗೂ ಓದುವ ಹೊರೆ ಹೆಚ್ಚುತ್ತದೆ. ಎರಡನೆಯದು ದೊಡ್ಡದಿದ್ದಾಗ ಅದೇ ಟಿಪ್ಪಣಿಯನ್ನು ಇನ್ನೂ ನಾಲ್ಕು ಗುಂಪಿಗೆ ಕಳಿಸುವುದೂ ಅಷ್ಟೇ ವ್ಯರ್ಥ.

ಕೊನೆಯ ತೂಬಿನಿಂದ ಮೇಲಕ್ಕೆ

ಮೊದಲ ರಾಶಿಯವರಲ್ಲಿ ಐದಾರು ಮಂದಿಯನ್ನು ನೇರವಾಗಿ ಮೂರು ಮಾತು ಕೇಳಿ. ನಿಮ್ಮಲ್ಲಿ ಈಗಿರುವ ಆವೃತ್ತಿ ಯಾವುದು? ಅದು ಹೇಗೆ ಬಂತು: ನೀವೇ ಹಾಕಿದ್ದೋ, ತಾನಾಗಿ ಅಪ್‌ಡೇಟ್ ಆದದ್ದೋ, ಬೇರೊಂದು ಪ್ಯಾಕೇಜು ಎಳೆದುಕೊಂಡು ಬಂದದ್ದೋ? ಆಗ ಪರದೆಯ ಮೇಲೆ ಏನು ಕಂಡಿತು? ಮೂರನೆಯದಕ್ಕೆ ಬಾಯಿಮಾತು ಸಾಲದು, ಫೋಟೋ ಕೇಳಿ. ಜನ ಎರರ್ ಸಂದೇಶವನ್ನು ತಮ್ಮ ಮಾತಿನಲ್ಲಿ ಹೇಳುವಾಗ ಬೇಕಾದ ಪದವೇ ಬಿಟ್ಟುಹೋಗುತ್ತದೆ.

ಡೆವಲಪರ್‌ಗಳಿಂದ ಹೆಚ್ಚಾಗಿ ಬರುವ ಉತ್ತರ: ಇನ್ನೊಂದು ಪ್ಯಾಕೇಜು ಎಳೆದುಕೊಂಡು ಬಂದದ್ದು. ಅಂದರೆ ನಿಮ್ಮ ರಿಲೀಸ್ ಆಯ್ದುಕೊಂಡವರು ಅವರಲ್ಲ, ನಿಮ್ಮ ಪುಟಕ್ಕೆ ಅವರು ಬಂದೇ ಇಲ್ಲ. ಅವರಿಗೆ ಸುದ್ದಿ ಮುಟ್ಟಿಸಲು ಉಳಿದಿರುವುದು ಒಂದೇ ದಾರಿ, ಕೋಡ್ ಓಡುವಾಗ ಬರುವ ಎಚ್ಚರಿಕೆ. ಹಾಗಾಗಿ ಮುಂದಿನ ತಪಾಸಣೆ ಆ ಎಚ್ಚರಿಕೆಯದು.

ಪೈಥಾನ್‌ನಲ್ಲಿ ‘ಇದು ಮುಂದೆ ಹೋಗಲಿದೆ’ ಎಂದು ಹೇಳಲು ಡಿಪ್ರಿಕೇಶನ್‌ವಾರ್ನಿಂಗ್ ಬಳಸುವುದು ರೂಢಿ. ಆದರೆ ಅದು ಡೀಫಾಲ್ಟ್ ಆಗಿ ಮರೆಯಲ್ಲೇ ಇರುತ್ತದೆ. 2018ರಲ್ಲಿ ಬಂದ ಪೈಥಾನ್ 3.7ರಿಂದ ಈಚೆಗೆ, ನೇರವಾಗಿ ಓಡಿಸಿದ ಮುಖ್ಯ ಸ್ಕ್ರಿಪ್ಟಿನ ಸಾಲಿನಿಂದ ಹುಟ್ಟಿದ ಎಚ್ಚರಿಕೆ ಮಾತ್ರ ಕಾಣುತ್ತದೆ. ಇಂಪೋರ್ಟ್ ಮಾಡಿಕೊಂಡ ಮಾಡ್ಯೂಲಿನಿಂದ ಹುಟ್ಟಿದ್ದು ಕಾಣುವುದಿಲ್ಲ. ಇಲ್ಲಿ ಬಹಳ ಲೈಬ್ರರಿಗಳು ಎಡವುವ ಜಾಗವೊಂದಿದೆ. ಎಚ್ಚರಿಕೆ ಕೊಡುವ ಫಂಕ್ಷನ್‌ಗೆ ಸ್ಟ್ಯಾಕ್‌ಲೆವೆಲ್ ಎಂಬ ಮೌಲ್ಯ ಕೊಡದಿದ್ದರೆ ಅದು 1 ಎಂದಾಗುತ್ತದೆ, ಎಚ್ಚರಿಕೆ ನಿಮ್ಮ ಲೈಬ್ರರಿಯದೇ ಸಾಲಿನಿಂದ ಬಂತೆಂದು ದಾಖಲಾಗುತ್ತದೆ. ಆಗ ಬಳಕೆದಾರರು ತಮ್ಮ ಮುಖ್ಯ ಸ್ಕ್ರಿಪ್ಟಿನಿಂದಲೇ ಹಳೆಯ ಫಂಕ್ಷನ್ ಕರೆದಿದ್ದರೂ ಎಚ್ಚರಿಕೆ ಮರೆಯಾಗುತ್ತದೆ. ಅದನ್ನು 2 ಮಾಡಿದರೆ ಕರೆದವರ ಕಡತದ ಹೆಸರು, ಸಾಲಿನ ಸಂಖ್ಯೆ ಬರುತ್ತದೆ, ಪರದೆಯ ಮೇಲೂ ಕಾಣುತ್ತದೆ. ಒಂದು ಅಂಕಿಯ ತಿದ್ದುಪಡಿ, ಮೊದಲ ರಾಶಿಯನ್ನು ಇಷ್ಟು ಇಳಿಸುವ ಅಗ್ಗದ ಕೆಲಸ ಇನ್ನೊಂದಿಲ್ಲ.

ಪರೀಕ್ಷಿಸುವ ಬಗೆ ಹೀಗೆ. ಹಳೆಯ ಫಂಕ್ಷನ್ ಇನ್ನೂ ಉಳಿದಿದ್ದ ಹಿಂದಿನ ಆವೃತ್ತಿಯಲ್ಲಿ, ಎರಡೇ ಸಾಲಿನ ಒಂದು ಸ್ಕ್ರಿಪ್ಟ್ ಬರೆದು ಅದನ್ನು ಕರೆಯಿರಿ, ಯಾವ ಆಯ್ಕೆಯನ್ನೂ ಕೊಡದೆ ಓಡಿಸಿ. ಎಚ್ಚರಿಕೆ ಕಂಡಿತೇ? ಅದೇ ಕರೆಯನ್ನು ಬೇರೆ ಕಡತದಲ್ಲಿಟ್ಟು, ಅಲ್ಲಿಂದ ಇಂಪೋರ್ಟ್ ಮಾಡಿ ಓಡಿಸಿ. ಈಗ ಕಾಣುವುದಿಲ್ಲ, ಕಾಣಬಾರದು ಕೂಡ. ಅದೇ ಕಡತದ ಮೇಲೆ ಪೈಟೆಸ್ಟ್ ಎಂಬ ಪರೀಕ್ಷಾ ಸಾಧನ ಓಡಿಸಿ, ಅದು ಕೊನೆಯಲ್ಲಿ ಎಚ್ಚರಿಕೆಗಳನ್ನು ಪಟ್ಟಿ ಮಾಡುತ್ತದೆ. ಅಂದರೆ ಟೆಸ್ಟ್ ಬರೆದವರಿಗೆ ಸುದ್ದಿ ಮುಟ್ಟುತ್ತದೆ, ಟೆಸ್ಟ್ ಬರೆಯದವರಿಗೆ ಇಲ್ಲ. ಎರಡನೆಯವರೇ ಹೆಚ್ಚು. ಕೊನೆಯ ಬಳಕೆದಾರರ ಕಣ್ಣಿಗೂ ಬೀಳಲೇಬೇಕಾದ ಬದಲಾವಣೆಯಾದರೆ ಫ್ಯೂಚರ್‌ವಾರ್ನಿಂಗ್ ಬಳಸಿ, ಅದು ಡೀಫಾಲ್ಟ್ ಆಗಿಯೇ ಕಾಣುತ್ತದೆ. ಪ್ರತಿ ಸಣ್ಣದಕ್ಕೂ ಇದನ್ನೇ ಹಚ್ಚಿದರೆ ಜನ ಎಚ್ಚರಿಕೆಗಳನ್ನೇ ಆಫ್ ಮಾಡಿಬಿಡುತ್ತಾರೆ. ಒಂದು ರಿಲೀಸ್‌ಗೆ ಒಂದೆರಡಕ್ಕಿಂತ ಹೆಚ್ಚು ಬೇಡ ಎಂಬುದು ನಮ್ಮ ಅಭಿಪ್ರಾಯ.

ಎಚ್ಚರಿಕೆ ವರ್ಷಗಟ್ಟಲೆ ಕೂಗಿದರೂ ಯಾರ ಕಿವಿಗೂ ಬೀಳದೆ ಇರಬಹುದು. ಪೈಥಾನ್ ಪ್ಯಾಕೇಜು ಕಟ್ಟುವ ಸಾಧನ ಸೆಟಪ್‌ಟೂಲ್ಸ್‌ನ ಸಂಗತಿ ನೋಡಿ. ಸೆಟಪ್ ಕಡತದ ಕೀಲಿಪದಗಳಲ್ಲಿ ಅಂಡರ್‌ಸ್ಕೋರ್ ಬದಲು ಅಡ್ಡಗೆರೆ ಬಳಸಬೇಡಿ ಎಂದು 2021ರಿಂದ ಎಚ್ಚರಿಕೆ ಬರುತ್ತಿತ್ತು. 2025ರ ಮಾರ್ಚ್‌ನಲ್ಲಿ ಬಂದ 78ನೇ ಆವೃತ್ತಿ ಅದನ್ನು ಎರರ್ ಮಾಡಿತು. ಹಳೆಯ ಪ್ಯಾಕೇಜುಗಳ ಇನ್‌ಸ್ಟಾಲ್ ಎಲ್ಲೆಡೆ ನಿಂತು, ಆ ಬದಲಾವಣೆಯನ್ನು ಕೂಡಲೇ ಹಿಂತೆಗೆದುಕೊಳ್ಳಬೇಕಾಯಿತು. ಕಾರಣ ಸರಳ. ಪ್ಯಾಕೇಜು ಕಟ್ಟುವಾಗ ಬರುವ ಸಂದೇಶಗಳನ್ನು, ಕಟ್ಟುವ ಕೆಲಸ ಸೋತ ಹೊರತು, ಪೈಥಾನ್‌ನ ಇನ್‌ಸ್ಟಾಲ್ ಸಾಧನವಾದ ಪಿಪ್ ತೋರಿಸುವುದಿಲ್ಲ. ಇನ್‌ಸ್ಟಾಲ್ ಮಾಡುವವರಿಗೆ ಎಚ್ಚರಿಕೆ ಕಾಣಲಿಲ್ಲ, ಕಂಡಿದ್ದರೂ ಆ ಕಡತ ತಿದ್ದುವ ಅಧಿಕಾರ ಅವರದಲ್ಲ. ತಿದ್ದಬೇಕಾದವರು ಆ ಪ್ಯಾಕೇಜನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ನಿಮ್ಮ ಎಚ್ಚರಿಕೆಯ ಬಗ್ಗೆಯೂ ಈ ಎರಡನ್ನು ಕೇಳಿಕೊಳ್ಳಿ: ಇದನ್ನು ನೋಡುವವರು ಯಾರು, ತಿದ್ದಬಲ್ಲವರು ಯಾರು? ಇಬ್ಬರೂ ಬೇರೆ ಬೇರೆ ಆಗಿದ್ದರೆ, ನಿಮ್ಮನ್ನು ಅವಲಂಬಿಸಿದ ಪ್ಯಾಕೇಜುಗಳನ್ನು ಹುಡುಕಿ ಒಂದೊಂದರಲ್ಲೂ ನೀವೇ ಇಶ್ಯೂ ತೆರೆಯಬೇಕು. ಸಾಧ್ಯವಾದರೆ ತಿದ್ದುಪಡಿಯನ್ನೂ ಜೊತೆಗೇ ಕಳಿಸಿ. ಇಪ್ಪತ್ತು-ಮೂವತ್ತು ಪ್ಯಾಕೇಜಿದ್ದರೆ ಎರಡು ಸಂಜೆಯ ಕೆಲಸ.

ಇನ್ನೂ ಮೇಲೆ ನಡೆದರೆ ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ಸಿಗುತ್ತವೆ. ಡೆಬಿಯನ್‌ನಲ್ಲಿ ಚೇಂಜ್‌ಲಾಗ್ ಬೇರೆ, ಬಳಕೆದಾರ ಓದಲೇಬೇಕಾದ ನ್ಯೂಸ್ ಕಡತ ಬೇರೆ. ಆಪ್ಟ್-ಲಿಸ್ಟ್‌ಚೇಂಜಸ್ ಎಂಬ ಸಣ್ಣ ಪ್ರೋಗ್ರಾಂ ಹಾಕಿಕೊಂಡವರಿಗೆ ಅಪ್‌ಗ್ರೇಡ್ ಹೊತ್ತಿನಲ್ಲೇ ಆ ನ್ಯೂಸ್ ಪರದೆಯ ಮೇಲೆ ಬರುತ್ತದೆ. ನಿಮ್ಮ ಪ್ಯಾಕೇಜು ಅಲ್ಲಿದ್ದರೆ, ಅದನ್ನು ನೋಡಿಕೊಳ್ಳುವವರಿಗೆ ‘ಇದು ನ್ಯೂಸ್‌ಗೆ ಹೋಗಬೇಕಾದದ್ದು’ ಎಂದು ರಿಲೀಸ್‌ಗೆ ಮೊದಲೇ ತಿಳಿಸಿ. ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. 22.04ರಿಂದ 24.04ಕ್ಕೆ ಹೋದವರ ಪಾಲಿಗೆ ನಿಮ್ಮ ಎರಡು ವರ್ಷದ ಅಷ್ಟೂ ರಿಲೀಸ್ ಒಂದೇ ದಿನ ಬಂದಿಳಿದಂತೆ. ಕಾಲೇಜು ಲ್ಯಾಬ್‌ಗಳಲ್ಲೂ ಒಮ್ಮೆ ಹಾಕಿದ್ದು ಸೆಮಿಸ್ಟರ್ ಮುಗಿಯುವತನಕ ಬದಲಾಗದಿರುವುದು ಸಾಮಾನ್ಯ. ಅಂಥವರು ಹನ್ನೆರಡು ಟಿಪ್ಪಣಿ ತೆರೆದು ಓದುವುದಿಲ್ಲ. ‘1ರಿಂದ 2ಕ್ಕೆ ಬರುವವರಿಗೆ’ ಎಂಬ ಒಂದೇ ಪುಟ ಬೇಕು. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಎನ್‌ಪಿಎಂ ಬಳಸುವವರಿಗೆ ಅನುಕೂಲ ಇನ್ನೂ ಹತ್ತಿರದಲ್ಲಿದೆ: ಹಳೆಯ ಆವೃತ್ತಿಗೆ ಡಿಪ್ರಿಕೇಟ್ ಸಂದೇಶ ಅಂಟಿಸಿದರೆ ಇನ್‌ಸ್ಟಾಲ್ ಮಾಡುವಾಗಲೇ ಅದು ಕಾಣುತ್ತದೆ.

ಎರರ್ ಬಾರದೆ ಕೆಡುವ ಬದಲಾವಣೆ

ಫಂಕ್ಷನ್ ತೆಗೆದರೆ ಎರರ್ ಬರುತ್ತದೆ, ಜನ ಬಂದು ಕೇಳುತ್ತಾರೆ. ನಿಜವಾಗಿ ಭಯಪಡಬೇಕಾದದ್ದು ಎರರ್ ಬಾರದೆ ಫಲಿತಾಂಶ ಮಾತ್ರ ಬದಲಾಗುವ ಕಡೆ. ನಮ್ಮ ಉದಾಹರಣೆಯ ಎರಡನೇ ಬದಲಾವಣೆ ಅಂಥದ್ದು.

ಯುನಿಕೋಡ್‌ನಲ್ಲಿ ರ, ಹಲಂತ, ಯ ಈ ಮೂರನ್ನು ಸಾಲಾಗಿ ಇಟ್ಟರೆ ಯ ಅಕ್ಷರಕ್ಕೆ ಅರ್ಕಾವತ್ತು ಬರುತ್ತದೆ: ಕಾರ್ಯ, ಸೂರ್ಯ. ‘ರ‍್ಯಾಲಿ’, ‘ರ‍್ಯಾಂಕ್’ ಎಂದು ರ ಪೂರ್ಣವಾಗಿ ನಿಂತು ಯ ಒತ್ತಾಗಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇಡಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್, ಯುನಿಕೋಡ್ ಸಂಖ್ಯೆ 200ಡಿ. ಹಳೆಯ ಆವೃತ್ತಿ ಜೋಡಕ ಇಡದೆ ‘ರ್ಯಾಲಿ’ ಎಂದು ಬರೆಯುತ್ತಿತ್ತು, 2.0 ಅದನ್ನು ಸರಿಪಡಿಸಿತು. ಮೂಲ ಪುಟದಲ್ಲಿ ಇದ್ದಂತೆಯೇ ಬಂತು, ಡಿಟಿಪಿಯವರಿಗೆ ಸಂತೋಷವಾಯಿತು.

ಗ್ರಂಥಾಲಯದ ಹುಡುಕಾಟ ಮಾತ್ರ ಅಲ್ಲಿಗೇ ಕೆಟ್ಟಿತು. ಡೇಟಾಬೇಸಿನಲ್ಲಿ ಹಳೆಯ ಶೀರ್ಷಿಕೆಗಳು ಜೋಡಕವಿಲ್ಲದೆ ಕೂತಿವೆ, ಹೊಸವು ಜೋಡಕದೊಂದಿಗೆ ಬರುತ್ತಿವೆ. ಓದುಗರಿಗೆ ಎರಡೂ ಒಂದೇ ಪದ, ಕಂಪ್ಯೂಟರಿಗೆ ಎರಡು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ, ಎರರ್ ಕೂಡ ಇಲ್ಲ. ‘ಎನ್‌ಎಫ್‌ಸಿ ನಾರ್ಮಲೈಸೇಶನ್ ಮಾಡಿ’, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತನ್ನಿ, ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ, ಆ ವಿಧಾನ ಜೋಡಕವನ್ನು ತೆಗೆಯುವುದಿಲ್ಲ. ಜೊತೆಗೆ ಯುನಿಕೋಡನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಪ್ರತಿ ಜೋಡಕಕ್ಕೆ 3 ಬೈಟ್ ಹೆಚ್ಚು. ಬೈಟ್ ಲೆಕ್ಕದಲ್ಲಿ ಅಳತೆ ಕಟ್ಟಿದ ಕಾಲಮ್ಮಿನಲ್ಲಿ ಉದ್ದದ ಶೀರ್ಷಿಕೆ ತುಂಡಾಗಬಹುದು. ಇಂಥ ದೋಷ ಬೆಳಕಿಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ, ಅಷ್ಟರಲ್ಲಿ ಎರಡೂ ಬಗೆಯ ದಾಖಲೆ ಸಾವಿರಗಟ್ಟಲೆ ಬೆರೆತಿರುತ್ತವೆ.

ಈ ಬಗೆಯದನ್ನು ರಿಲೀಸ್‌ಗೆ ಮೊದಲೇ ಹಿಡಿಯಬಹುದು. ನಿಜವಾದ ಪಠ್ಯದ ಒಂದು ಸಾವಿರ ಸಾಲು ಇಟ್ಟುಕೊಳ್ಳಿ: ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಆಹ್ವಾನ, ಪುಸ್ತಕದ ಶೀರ್ಷಿಕೆ. ಅರ್ಕಾವತ್ತು, ಎರಡು ಒತ್ತಿನ ಅಕ್ಷರ, ಕನ್ನಡ ಅಂಕಿ, ನಡುನಡುವೆ ಇಂಗ್ಲಿಷ್ ಪದ, ಎಲ್ಲವೂ ಅದರಲ್ಲಿರಲಿ. ಹಳೆಯ ಆವೃತ್ತಿಯಲ್ಲೂ ಹೊಸದರಲ್ಲೂ ಓಡಿಸಿ, ಬೈಟ್ ಮಟ್ಟದಲ್ಲಿ ಹೋಲಿಸಿ. ಪರದೆಯ ಮೇಲೆ ಕಣ್ಣಿಂದ ಹೋಲಿಸುವುದು ಸಾಲದು, ಜೋಡಕ ಕಾಣುವುದೇ ಇಲ್ಲ. ವ್ಯತ್ಯಾಸ ಬಂದ ಪ್ರತಿಯೊಂದು ಬಗೆಗೂ ಟಿಪ್ಪಣಿಯಲ್ಲಿ ಒಂದು ಸಾಲು ಇರಲೇಬೇಕು. ಸಾಲಿಲ್ಲದ ವ್ಯತ್ಯಾಸ ಸಿಕ್ಕರೆ ರಿಲೀಸ್ ನಿಲ್ಲಿಸಿ.

ಬದಲಾವಣೆ ಬೇಕೇ ಬೇಕು ಎಂದಾದರೆ ಡೀಫಾಲ್ಟನ್ನು ಒಮ್ಮೆಲೇ ತಿರುಗಿಸಬೇಡಿ. 1.9ರಲ್ಲಿ ‘ಜೋಡಕ ಇಡಬೇಕೇ’ ಎಂಬ ಆಯ್ಕೆ ಕೊಡಿ, ಡೀಫಾಲ್ಟ್ ಹಳೆಯದೇ ಇರಲಿ. ಆಯ್ಕೆಯನ್ನು ಬಾಯಿಬಿಟ್ಟು ಹೇಳದೆ ಕರೆದವರಿಗೆ ಮಾತ್ರ ಫ್ಯೂಚರ್‌ವಾರ್ನಿಂಗ್ ಬರಲಿ. 2.0ರಲ್ಲಿ ಡೀಫಾಲ್ಟ್ ತಿರುಗಿಸಿ, ಹಳೆಯ ನಡವಳಿಕೆ ಬೇಕಾದವರಿಗೆ ಆಯ್ಕೆ ಉಳಿಸಿ. ಜೊತೆಗೆ, ಏನನ್ನೂ ಬದಲಿಸದೆ ಎಷ್ಟು ದಾಖಲೆಗಳಲ್ಲಿ ವ್ಯತ್ಯಾಸ ಬರುತ್ತದೆ ಎಂದು ಎಣಿಸಿ ತೋರಿಸುವ ಸಣ್ಣ ಕಮಾಂಡ್ ಕೊಟ್ಟರೆ ಗ್ರಂಥಾಲಯದ ಡೆವಲಪರ್ ಅರ್ಧ ಗಂಟೆಯಲ್ಲಿ ತಮ್ಮ ಕೆಲಸ ಎಷ್ಟೆಂದು ಅಳೆದುಕೊಳ್ಳುತ್ತಾರೆ.

ಡೀಫಾಲ್ಟ್ ತಿರುಗಿಸುವುದರ ಬೆಲೆ ದೊಡ್ಡ ಯೋಜನೆಗಳಿಗೂ ಗೊತ್ತು. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ, 2016ರ ಮೇನಲ್ಲಿ ಬಂದ 230ನೇ ಆವೃತ್ತಿ, ಬಳಕೆದಾರ ಲಾಗೌಟ್ ಆದೊಡನೆ ಅವರ ಉಳಿದ ಪ್ರಕ್ರಿಯೆಗಳನ್ನು ಕೊಲ್ಲುವುದನ್ನು ಡೀಫಾಲ್ಟ್ ಮಾಡಿತು. ನ್ಯೂಸ್ ಕಡತದಲ್ಲಿ ಅದು ಬರೆದಿತ್ತು. ಆದರೆ ಲಾಗೌಟ್ ಆದರೂ ಕೆಲಸ ಮುಂದುವರಿಸುವ ಸ್ಕ್ರೀನ್, ಟಿಮಕ್ಸ್ ಪ್ರೋಗ್ರಾಂಗಳಲ್ಲಿ ರಾತ್ರಿಯೆಲ್ಲ ಕೆಲಸ ಓಡಲು ಬಿಟ್ಟು ಹೋಗುವವರಿಗೆ ಬೆಳಗ್ಗೆ ಕಾಣುವುದು ಸತ್ತ ಕೆಲಸ, ಎರರ್ ಅಲ್ಲ. ಡೆಬಿಯನ್ ತನ್ನಲ್ಲಿ ಆ ಡೀಫಾಲ್ಟನ್ನು ಹಳೆಯದಕ್ಕೇ ತಿರುಗಿಸಿಕೊಂಡಿತು.

ಓದಿದರು, ತಿದ್ದಿಕೊಳ್ಳಲು ಆಗಲಿಲ್ಲ

ಎರಡನೇ ರಾಶಿಗೆ ಬನ್ನಿ. ಟಿಪ್ಪಣಿಯಲ್ಲಿ ‘ರಕಾರದ ನಿರ್ವಹಣೆಯನ್ನು ಸುಧಾರಿಸಲಾಗಿದೆ’ ಎಂದಿದೆ ಎನ್ನಿ. ಬರೆದವರಿಗೆ ಅದರಲ್ಲಿ ಎಲ್ಲವೂ ಇದೆ, ಓದುವವರಿಗೆ ಏನೂ ಇಲ್ಲ. ‘ಸುಧಾರಿಸಲಾಗಿದೆ’, ‘ಉತ್ತಮಪಡಿಸಲಾಗಿದೆ’ ಎಂಬ ಕ್ರಿಯಾಪದ ಕಂಡಲ್ಲೆಲ್ಲ ಏನಿತ್ತು, ಏನಾಯಿತು ಎಂದು ಬಿಡಿಸಿ ಬರೆಯಿರಿ. ಅದೇ ಸಾಲು ಹೀಗಿದ್ದರೆ ಕೆಲಸಕ್ಕೆ ಬರುತ್ತದೆ:

‘ಆಸ್ಕಿಯಿಂದ ಯುನಿಕೋಡ್‌ಗೆ ತಿರುಗಿಸಿ ಡೇಟಾಬೇಸಿನಲ್ಲಿ ಉಳಿಸುವವರು ಮಾತ್ರ ಇದನ್ನು ಓದಿ. ಯುನಿಕೋಡ್‌ನಿಂದ ಆಸ್ಕಿಗೆ ಹೋಗುವವರಿಗೆ ವ್ಯತ್ಯಾಸವಿಲ್ಲ. ಇನ್ನು ಮುಂದೆ ರ‍್ಯಾಲಿ, ರ‍್ಯಾಂಕ್ ಮೊದಲಾದ ಪದಗಳಲ್ಲಿ ರ ಆದ ಮೇಲೆ 200ಡಿ ಜೋಡಕ ಬರುತ್ತದೆ. ಹಳೆಯ ದಾಖಲೆಗಳಲ್ಲಿ ಅದಿಲ್ಲ, ಆದ್ದರಿಂದ ಹುಡುಕಾಟದಲ್ಲಿ ಹಳೆಯವು ತಪ್ಪಿಹೋಗುತ್ತವೆ. ಪರಿಹಾರ ಎರಡು: ಹಳೆಯ ದಾಖಲೆಗಳನ್ನು ಜೊತೆಗಿರುವ ಸ್ಕ್ರಿಪ್ಟ್‌ನಿಂದ ಒಮ್ಮೆ ತಿರುಗಿಸಿ, ಇಲ್ಲವೇ ಹುಡುಕುವ ಪದ ಮತ್ತು ದಾಖಲೆ ಎರಡರಿಂದಲೂ ಜೋಡಕ ತೆಗೆದು ಹೋಲಿಸಿ. ಎಲ್ಲ ಹಿಂದಿನಂತೆಯೇ ಇರಬೇಕೆಂದರೆ ಜೋಡಕದ ಆಯ್ಕೆಯನ್ನು ಆಫ್ ಮಾಡಿಡಿ. ಈ ಆಯ್ಕೆ 3.0ರಲ್ಲಿ ಹೋಗುತ್ತದೆ.’

ಮೊದಲ ವಾಕ್ಯದಲ್ಲೇ ಯಾರಿಗೆ ಎಂದು ಬಂದಿದೆ, ಎರಡನೆಯದರಲ್ಲಿ ಯಾರಿಗೆ ಅಲ್ಲ ಎಂದೂ ಬಂದಿದೆ. ಎರಡನೆಯದಕ್ಕೆ ಬೆಲೆ ಹೆಚ್ಚು. ತನಗೆ ಸಂಬಂಧವಿಲ್ಲ ಎಂದು ಒಂದು ಸಾಲಿನಲ್ಲಿ ತಿಳಿದವರು ನಿಮ್ಮ ಟಿಪ್ಪಣಿಗಳನ್ನು ಮುಂದೆಯೂ ನಂಬಿ ಓದುತ್ತಾರೆ.

ಬಳಕೆದಾರರ ಪರದೆಯ ಮೇಲೆ ಕಾಣುವ ಪದಗಳೇ ಟಿಪ್ಪಣಿಯಲ್ಲಿ ಇರಬೇಕು. ದೂರದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನ ತಂಡ 2020ರ ಫೆಬ್ರವರಿಯ 8.2ರಿಂದಲೇ ಬಿಡುಗಡೆ ಟಿಪ್ಪಣಿಗಳಲ್ಲಿ, ಎಸ್‌ಎಚ್‌ಎ-1 ಎಂಬ ಹಳೆಯ ಹ್ಯಾಶ್ ವಿಧಾನ ಬಳಸುವ ಆರ್‌ಎಸ್‌ಎ ಸಹಿಯನ್ನು ಮುಂದೆ ನಿಲ್ಲಿಸುತ್ತೇವೆ ಎಂದು ಹೇಳುತ್ತ ಬಂದಿತು. 2021ರ ಸೆಪ್ಟೆಂಬರ್‌ನ 8.8ರಲ್ಲಿ ನಿಲ್ಲಿಸಿತು. ಹಳೆಯ ಸರ್ವರಿಗೆ ಕೀಲಿ ಬಳಸಿ ಹೋಗುವವರಿಗೆ ಕಂಡದ್ದು ಬರೀ ‘ಪರ್ಮಿಷನ್ ಡಿನೈಡ್’. ಹೊಂದುವ ಸಹಿ ವಿಧಾನ ಇಲ್ಲ ಎಂಬ ನಿಜವಾದ ಕಾರಣ ವಿವರ ತೋರಿಸುವ ಆಯ್ಕೆ ಹಾಕಿದಾಗಷ್ಟೇ ಕಾಣುತ್ತದೆ. ಆ ಎರಡು ಪದ ಹಿಡಿದು ಹುಡುಕುವವರು ಎಸ್‌ಎಚ್‌ಎ-1ರ ಟಿಪ್ಪಣಿಗೆ ಹೇಗೆ ತಲುಪಿಯಾರು? ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಇದು ಇನ್ನಷ್ಟು ಮುಖ್ಯ. ಎರರ್ ಸಂದೇಶವನ್ನು ಕನ್ನಡಕ್ಕೆ ತಿರುಗಿಸಿ ಮಾತ್ರ ಕೊಡಬೇಡಿ. ಪರದೆಯಲ್ಲಿ ಯಾವ ಭಾಷೆ, ಯಾವ ಲಿಪಿಯಲ್ಲಿದೆಯೋ ಹಾಗೆಯೇ ಒಂದು ಸಾಲು ಇಟ್ಟು, ಕೆಳಗೆ ಕನ್ನಡದ ವಿವರಣೆ ಬರೆಯಿರಿ.

ಎರರ್ ಸಂದೇಶವೇ ಟಿಪ್ಪಣಿಯ ಕೆಲಸ ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. 2023ರ ಡೆಬಿಯನ್ 12ರಿಂದ, ವ್ಯವಸ್ಥೆಯ ಪೈಥಾನ್‌ಗೆ ಪಿಪ್ ಮೂಲಕ ನೇರವಾಗಿ ಪ್ಯಾಕೇಜು ಹಾಕಲು ಹೋದರೆ ಅದು ತಡೆಯುತ್ತದೆ. ತಡೆದ ಸಂದೇಶದಲ್ಲೇ ಡೆಬಿಯನ್‌ನದೇ ಇನ್‌ಸ್ಟಾಲ್ ಸಾಧನ ಆಪ್ಟ್‌ನಿಂದ ಹೇಗೆ ಹಾಕಬೇಕು, ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ಯಾಕೇಜುಗಳಿಗೆ ಪ್ರತ್ಯೇಕ ಜಾಗ) ಹೇಗೆ ಮಾಡಿಕೊಳ್ಳಬೇಕು ಎಂಬುದೂ ಇದೆ. ತೆಗೆದುಹಾಕಿದ ಫಂಕ್ಷನ್ನಿನ ಜಾಗದಲ್ಲಿ ಒಂದು ಆವೃತ್ತಿಯವರೆಗಾದರೂ ಇಂಥ ಸಂದೇಶ ಕೊಡುವ ಖಾಲಿ ಫಂಕ್ಷನ್ ಇಡಿ: ಯಾವಾಗ ತೆಗೆದದ್ದು, ಬದಲಿಗೆ ಯಾವುದು, ಮಾರ್ಗದರ್ಶಿಯ ಪುಟ ಯಾವುದು.

ಡಿಟಿಪಿಯವರಿಗೆ ಇದ್ಯಾವುದೂ ಬೇಡ. ಅಪ್‌ಡೇಟ್ ಆದ ಮೇಲೆ ಮೊದಲ ಸಲ ಕಿಟಕಿ ತೆರೆದಾಗ ಎರಡು ಸಾಲು, ಹಳೆಯದು-ಹೊಸದು ಅಕ್ಕಪಕ್ಕ ತೋರಿಸುವ ಒಂದು ಚಿತ್ರ, ‘ಹಳೆಯ ರೀತಿಯೇ ಇರಲಿ’ ಎಂಬ ಬಟನ್, ಇಷ್ಟು ಸಾಕು. ವಾಟ್ಸ್ಆ್ಯಪ್ ಸಂದೇಶ ಕಳಿಸುವುದಾದರೆ ಪೂರ್ತಿ ಒಂದೇ ಪರದೆಯಲ್ಲಿ ಮುಗಿಯಲಿ, ‘ಮುಂದೆ ಓದಿ’ ಎಂದು ಕತ್ತರಿಸಿಹೋಗುವಷ್ಟು ಉದ್ದ ಬೇಡ. ಆವೃತ್ತಿ ಸಂಖ್ಯೆಯನ್ನೂ ದಿನಾಂಕವನ್ನೂ ಮೊದಲ ಸಾಲಿನಲ್ಲೇ ಬರೆಯಿರಿ. ಫಾರ್ವರ್ಡ್ ಆದ ಸಂದೇಶ ಆರು ತಿಂಗಳ ನಂತರವೂ ತಿರುಗುತ್ತಿರುತ್ತದೆ.

ಸಂಖ್ಯೆ ದಾರಿ ತಪ್ಪಿಸಿದಾಗ

ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ಆವೃತ್ತಿ ಸಂಖ್ಯಾಪದ್ಧತಿಯ ಪ್ರಕಾರ ಮೊದಲ ಅಂಕಿ ಏರಿದರೆ ಹಳೆಯ ಕೋಡ್ ಕೆಡಬಹುದು, ನಡುವಿನದು ಏರಿದರೆ ಹೊಸ ಸೌಲಭ್ಯ, ಕೊನೆಯದು ಏರಿದರೆ ದೋಷ ನಿವಾರಣೆ. ಸೊನ್ನೆಯಿಂದ ಶುರುವಾಗುವ ಆವೃತ್ತಿಯಲ್ಲಿ ಏನು ಬೇಕಾದರೂ ಬದಲಾಗಬಹುದು. ನೀವು ಆ ಪದ್ಧತಿ ಪಾಲಿಸದಿದ್ದರೂ ಬಳಕೆದಾರರು ಹಾಗೆಯೇ ಓದುತ್ತಾರೆ.

ಪೈಥಾನ್‌ನ ಕ್ರಿಪ್ಟೋಗ್ರಫಿ ಪ್ಯಾಕೇಜು 2021ರ ಫೆಬ್ರವರಿಯಲ್ಲಿ 3.4 ಬಿಟ್ಟಾಗ, ಮೂಲ ಕೋಡ್‌ನಿಂದ ಕಟ್ಟುವವರಿಗೆ ರಸ್ಟ್ ಭಾಷೆಯ ಕಂಪೈಲರ್ ಬೇಕಾಯಿತು. ಅವರ ಸಂಖ್ಯಾಪದ್ಧತಿಯೇ ಬೇರೆ ಇತ್ತು, ಆದರೆ 3.3ರಿಂದ 3.4 ಎಂದರೆ ಸಣ್ಣ ಬದಲಾವಣೆ ಎಂದೇ ಜನ ಎಣಿಸಿದ್ದರು. ತಪಾಸಣೆ ಮಾಡುವವರಿಗೆ ಇಲ್ಲಿ ಇನ್ನೊಂದು ಪಾಠ ಇದೆ. ಎರರ್ ರಸ್ಟ್ ಇಲ್ಲ ಎಂದು ದೂರುತ್ತಿತ್ತು, ಎಷ್ಟೋ ಜನರಲ್ಲಿ ಮೂಲ ಕಾರಣ ಹಳೆಯ ಪಿಪ್. ಬಹಳ ಹಳೆಯ ಪಿಪ್‌ಗೆ ಹೊಸ ಮಾದರಿಯ ಸಿದ್ಧ ವೀಲ್ (ಮೊದಲೇ ಕಟ್ಟಿಟ್ಟ ಪ್ಯಾಕೇಜು ಕಡತ) ಗುರುತು ಸಿಗದೆ, ಅದು ಮೂಲದಿಂದ ಕಟ್ಟಲು ಹೊರಡುತ್ತಿತ್ತು. ಪಿಪ್ ಅಪ್‌ಡೇಟ್ ಮಾಡಿದರೆ ರಸ್ಟ್‌ನ ಮಾತೇ ಏಳುತ್ತಿರಲಿಲ್ಲ. ಆ ತಂಡ ಮುಂದಿನ ಆವೃತ್ತಿಯಿಂದ ಪದ್ಧತಿ ಬದಲಿಸಿ 35.0 ಎಂದು ಹೆಸರಿಟ್ಟಿತು.

ಹೊತ್ತು ನೋಡಿ ಬಿಡಿ

ಲಗ್ನದ ಮುಹೂರ್ತಗಳು ಕಿಕ್ಕಿರಿದ ಏಪ್ರಿಲ್-ಮೇ ತಿಂಗಳಲ್ಲಿ ಡಿಟಿಪಿ ಅಂಗಡಿಯ ತಂತ್ರಾಂಶ ಬದಲಿಸಬೇಡಿ. ಸೆಮಿಸ್ಟರ್ ಪ್ರಾಜೆಕ್ಟ್ ಒಪ್ಪಿಸುವ ವಾರ ಲೈಬ್ರರಿಯ ದೊಡ್ಡ ಆವೃತ್ತಿ ಬಿಡಬೇಡಿ. ಶುಕ್ರವಾರ ಸಂಜೆಯಂತೂ ಬೇಡವೇ ಬೇಡ. ಮಂಗಳವಾರ ಬೆಳಗ್ಗೆ ಬಿಟ್ಟರೆ ದೂರು ಕೇಳಲು ನಾಲ್ಕು ದಿನ ಕೈಯಲ್ಲಿರುತ್ತವೆ.

ಎಷ್ಟು ಹೇಳಿದರೂ ಕೇಳಿಸಿಕೊಳ್ಳದವರಿಗಾಗಿ ಇನ್ನೊಂದು ಉಪಾಯವಿದೆ. ಪಾಸ್‌ವರ್ಡ್ ಮೂಲಕ ಗಿಟ್ ಬಳಸುವುದನ್ನು, ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್ 2021ರ ಆಗಸ್ಟ್ 13ರಂದು ನಿಲ್ಲಿಸಿತು. ಅದಕ್ಕೆ ಮೊದಲು ಮುಂಚಿತವಾಗಿ ತಿಳಿಸಿದ ದಿನಗಳಂದು ಕೆಲವು ಗಂಟೆ ಮಾತ್ರ ನಿಲ್ಲಿಸಿ, ಮತ್ತೆ ಬಿಟ್ಟಿತು. ಟಿಪ್ಪಣಿ ಓದದವರಿಗೂ ಆ ಕೆಲವು ಗಂಟೆಯಲ್ಲಿ ಸುದ್ದಿ ಮುಟ್ಟಿತು, ಸರಿಮಾಡಿಕೊಳ್ಳಲು ಕಾಲವೂ ಉಳಿಯಿತು. ನೀವು ಸರ್ವರ್ ನಡೆಸುವವರಾದರೆ ಇದು ಹೇಳಿಮಾಡಿಸಿದ ದಾರಿ. ಲೈಬ್ರರಿಗೆ ಹೊಂದುವುದಿಲ್ಲ.

ಅನುವಾದಕರನ್ನು ಮರೆಯುವುದು ಮಾಮೂಲಿ. ಪರದೆಯ ಪದಗಳನ್ನು ಕೊನೆಯ ವಾರ ಬದಲಿಸಿದರೆ ಕನ್ನಡದ ಕಿಟಕಿಯಲ್ಲಿ, ಎಲ್ಲಕ್ಕಿಂತ ಮುಖ್ಯವಾದ ಹೊಸ ಎಚ್ಚರಿಕೆಯೇ ಇಂಗ್ಲಿಷಿನಲ್ಲಿ ಉಳಿಯುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್ ಯೋಜನೆಯಲ್ಲಿ ಇದಕ್ಕೆಂದೇ, ಆಮೇಲೆ ಪದ ಬದಲಿಸಬಾರದು ಎನ್ನುವ ಸ್ಟ್ರಿಂಗ್ ಫ್ರೀಜ್ ಎಂಬ ಗಡುವು ಇದೆ. ಸಣ್ಣ ಯೋಜನೆಗೂ ಎರಡು ವಾರ ಇರಲಿ.

ಭದ್ರತೆಯ ತಿದ್ದುಪಡಿಗೆ ಮಾತ್ರ ಈ ಕಾಲದ ಲೆಕ್ಕ ನಡೆಯುವುದಿಲ್ಲ, ಸಿದ್ಧವಾದೊಡನೆ ಬಿಡಬೇಕು. ಅಲ್ಲಿ ಆಗುವ ದೋಷ ಬೇರೆ: ಯಾವ ಆವೃತ್ತಿಗೆ ಹೋಗಬೇಕು ಎಂಬ ಉತ್ತರ ನಾಲ್ಕು ಕಡೆ ನಾಲ್ಕು ಥರ ಇರುವುದು. 2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್‌ಫೋರ್‌ಜೆ ಲೈಬ್ರರಿಯ ಭದ್ರತಾ ದೋಷಕ್ಕೆ 2.15.0 ಬಂತು, ಅದು ಸಾಲದೆ 2.16.0, ಮತ್ತೆ 2.17.0. ಮೊದಲ ದಿನದ ಸಂದೇಶವನ್ನಷ್ಟೇ ನೋಡಿದವರು 2.15.0ದಲ್ಲೇ ನಿಂತಿರುವ ಸಾಧ್ಯತೆ ಇರುತ್ತದೆ. ಆದ್ದರಿಂದ ಭದ್ರತಾ ಸೂಚನೆಗೆ ಒಂದೇ ಪುಟ, ಒಂದೇ ವಿಳಾಸ ಇರಲಿ. ಉಳಿದೆಲ್ಲ ಸಂದೇಶಗಳು ಅದನ್ನೇ ತೋರಿಸಲಿ, ತಿದ್ದಿದಾಗ ದಿನಾಂಕ ಮೇಲೇರಲಿ.

ಈಗಾಗಲೇ ಕೆಟ್ಟಿದ್ದರೆ

ಮೊದಲ ಗಂಟೆಯಲ್ಲಿ ಮಾಡಬೇಕಾದ್ದು ಮೂರು. ಒಂದು ಇಶ್ಯೂ ತೆರೆದು ಮೇಲೆ ಪಿನ್ ಮಾಡಿ. ಶೀರ್ಷಿಕೆಯಲ್ಲಿ ಪರದೆಯ ಎರರ್ ಪದಗಳಿರಲಿ, ಮೊದಲ ಸಾಲಿನಲ್ಲಿ ಈಗಲೇ ಮಾಡಬಹುದಾದ ತಾತ್ಕಾಲಿಕ ಪರಿಹಾರ ಇರಲಿ, ಉದಾಹರಣೆಗೆ 1.9ಕ್ಕೆ ಮರಳುವ ಕಮಾಂಡ್. ಎರಡನೆಯದು, ಬೇರೆ ಇಶ್ಯೂಗಳನ್ನು ಮುಚ್ಚುವಾಗ ಇದಕ್ಕೆ ಕೊಂಡಿ ಕೊಟ್ಟು ಮುಚ್ಚಿ. ಮೂರನೆಯದು, ದತ್ತಾಂಶ ಕೆಡುತ್ತಿದ್ದರೆ ಆವೃತ್ತಿಯನ್ನು ಯಾಂಕ್ ಮಾಡಿ, ಅಂದರೆ ಅಳಿಸದೆ ‘ಬಳಸಬೇಡಿ’ ಎಂದು ಗುರುತು ಹಾಕಿ. ಯಾಂಕ್ ಮಾಡಿದ ಆವೃತ್ತಿಯನ್ನು ಪಿಪ್ ಹೊಸದಾಗಿ ಆರಿಸಿಕೊಳ್ಳುವುದಿಲ್ಲ. ಆದರೆ ಸರಿಯಾಗಿ ಅದೇ ಸಂಖ್ಯೆ ಬರೆದಿಟ್ಟುಕೊಂಡವರಿಗೆ ಅದು ಸಿಗುತ್ತಲೇ ಇರುತ್ತದೆ, ಈಗಾಗಲೇ ಹಾಕಿಕೊಂಡವರ ಯಂತ್ರದಿಂದ ಹೋಗುವುದೂ ಇಲ್ಲ. ಅವರಿಗೆ ಬೇರೆಯಾಗಿ ಹೇಳಬೇಕು. ಕಡತವನ್ನೇ ಅಳಿಸಿಹಾಕುವ ಕೆಲಸ ಮಾಡಬೇಡಿ, ಅದು ಸರಿಯಾಗಿ ನಡೆಯುತ್ತಿದ್ದ ಕಡೆಯೂ ಇನ್‌ಸ್ಟಾಲ್ ನಿಲ್ಲಿಸುತ್ತದೆ. ಅದೇ ಸಂಖ್ಯೆಯಲ್ಲಿ ತಿದ್ದಿದ ಕಡತ ಏರಿಸಲು ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐ ಬಿಡುವುದಿಲ್ಲ, 2.0.1 ಎಂದೇ ಬಿಡಬೇಕು.

2.0.1 ಬಿಟ್ಟ ಮೇಲೆ ಹತ್ತು ದಿನ ಬಿಟ್ಟು, ಮೊದಲು ಮಾತಾಡಿಸಿದ ಅದೇ ಐದಾರು ಮಂದಿಗೆ ಮತ್ತೆ ಫೋನ್ ಮಾಡಿ: ಒಬ್ಬ ಗ್ರಂಥಾಲಯದ ಡೆವಲಪರ್, ಇಬ್ಬರು ಡಿಟಿಪಿಯವರು, ಲ್ಯಾಬ್ ನೋಡಿಕೊಳ್ಳುವ ಒಬ್ಬರಾದರೂ ಅದರಲ್ಲಿರಲಿ. ‘ಟಿಪ್ಪಣಿ ನೋಡಿದಿರಾ’ ಎಂದು ಕೇಳಬೇಡಿ, ಹೌದು ಎಂದೇ ಅನ್ನುತ್ತಾರೆ. ಆವೃತ್ತಿ ಸಂಖ್ಯೆ ಓದಿ ಹೇಳಿಸಿ, ‘ರ‍್ಯಾಲಿ’ ಎಂದು ಹುಡುಕಿಸಿ ಎಷ್ಟು ದಾಖಲೆ ಬಂದವು ಎಂದು ಕೇಳಿ. ಅಲ್ಲಿ ಬಂದ ಸಂಖ್ಯೆಯನ್ನು ದಿನಾಂಕದ ಸಮೇತ ಪಿನ್ ಮಾಡಿದ ಇಶ್ಯೂವಿನಲ್ಲಿ ಬರೆದ ಮೇಲಷ್ಟೇ ಅದನ್ನು ಮುಚ್ಚಿ.